ಡ್ಯಾಶ್‌ಬೋರ್ಡ್ ಮೇಲಿನ ಪರದೆ, ಕಾಲಿಗೆ ಬಿಡುವು ಕೊಡುವ ಕ್ರೂಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ದಿನವೂ ಕೆಲಸಕ್ಕೆ ವಾಹನ ಓಡಿಸುವವರ ಪತ್ರಗಳಲ್ಲಿ ಈ ಸಲ ಕ್ರೂಸ್ ಕಂಟ್ರೋಲ್ (ಆಕ್ಸಿಲರೇಟರ್ ಒತ್ತದೆಯೇ ಕಾರನ್ನು ಒಂದೇ ವೇಗದಲ್ಲಿ ಓಡಿಸುವ ವ್ಯವಸ್ಥೆ) ಮತ್ತು ಡ್ಯಾಶ್‌ಬೋರ್ಡ್ ಮೇಲೆ ಕೂರಿಸುವ ಉಪಕರಣಗಳದ್ದೇ ಹೆಚ್ಚಿನ ಪಾಲು. ಉತ್ತರಕ್ಕೆ ಮೊದಲು ಒಂದು ಲೆಕ್ಕ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಪರದೆ ನೋಡಲು ಎರಡು ಸೆಕೆಂಡು ಕಣ್ಣು ಹೊರಳಿಸಿದರೆ 33 ಮೀಟರ್ ರಸ್ತೆಯನ್ನು ನೋಡದೆ ದಾಟಿದಂತೆ. ಯಾವ ಉಪಕರಣ ಕೊಳ್ಳುವಾಗಲೂ ಈ ಲೆಕ್ಕ ನೆನಪಿರಲಿ. ಕೆಳಗಿನ ಉತ್ತರಗಳಲ್ಲೂ ನಾವು ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇವೆ.

ಕೆಂಗೇರಿಯಿಂದ ನೈಸ್ ರಸ್ತೆಯಲ್ಲಿ ದಿನಾ ಎಲೆಕ್ಟ್ರಾನಿಕ್ಸ್ ಸಿಟಿಗೆ ಹೋಗಿ ಬರುತ್ತೇನೆ. ಹೊಸ ಕಾರು ನೋಡುತ್ತಿದ್ದೇನೆ. ಕ್ರೂಸ್ ಬೇಕೆಂದರೆ ಮೇಲಿನ ಮಾಡೆಲ್ ತೆಗೆದುಕೊಳ್ಳಬೇಕು, ಲಕ್ಷದ ಹತ್ತಿರ ಹೆಚ್ಚು ಹೇಳುತ್ತಿದ್ದಾರೆ. ದಿನದ ಓಡಾಟಕ್ಕೆ ಅದು ಉಪಯೋಗವಾಗುತ್ತದೆಯೇ? ಮ್ಯಾನುಯಲ್ ಗೇರು ಸಾಕೇ? (ಓದುಗರು, ಕೆಂಗೇರಿ)

ದುಡ್ಡು ಕೊಡುವ ಮುಂಚೆ ಒಂದು ವಾರ ಈಗಿನ ವಾಹನದಲ್ಲೇ ಲೆಕ್ಕ ಹಾಕಿ. ಬ್ರೇಕ್ ಮುಟ್ಟದೆ, ಗೇರು ಬದಲಿಸದೆ, 50ರಿಂದ 80ರ ನಡುವಿನ ಒಂದೇ ವೇಗದಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ಸಾಗಿದ ಸಂದರ್ಭಗಳನ್ನು ಮಾತ್ರ ಎಣಿಸಿ. ದಿನಕ್ಕೆ ಹದಿನೈದು ನಿಮಿಷ ಅಂಥ ಓಟ ಸಿಕ್ಕರೆ ಕ್ರೂಸ್ ನಿಮ್ಮ ಬಲಗಾಲಿಗೆ ನಿಜವಾದ ಬಿಡುವು. ಐದು ನಿಮಿಷವೂ ಸಿಗದಿದ್ದರೆ ಅದು ವರ್ಷಕ್ಕೆರಡು ಸಲ ಊರಿಗೆ ಹೋಗುವಾಗ ನೆನಪಾಗುವ ಬಟನ್ ಅಷ್ಟೇ. ನೈಸ್ ರಸ್ತೆಯಲ್ಲಿ ಒಂದು ಜಂಕ್ಷನ್‌ನಿಂದ ಇನ್ನೊಂದರವರೆಗೆ ಇಂಥ ಓಟ ಸಿಗುತ್ತದೆ, ಆದರೆ ನೀವು ಹೊರಡುವ ಹೊತ್ತಿನ ಮೇಲೆ ಎಲ್ಲವೂ ನಿಂತಿದೆ. ಹೊಸೂರು ರಸ್ತೆಗೆ ಇಳಿದ ಮೇಲೆ ಅದನ್ನು ಮರೆತುಬಿಡಿ.

ಸಾಮಾನ್ಯ ಕ್ರೂಸ್ ಹೆಚ್ಚಿನ ಕಾರುಗಳಲ್ಲಿ 30ರಿಂದ 40 ಕಿ.ಮೀ. ವೇಗ ದಾಟಿದ ಮೇಲಷ್ಟೇ ಹಿಡಿಯುತ್ತದೆ. ಮುಖ್ಯ ಸ್ವಿಚ್ ಒತ್ತಿ, ಬೇಕಾದ ವೇಗ ತಲುಪಿ, 'ಸೆಟ್' ಒತ್ತಿ, ಆಮೇಲೆ ಆಕ್ಸಿಲರೇಟರ್‌ನಿಂದ ಕಾಲನ್ನು ನಿಧಾನಕ್ಕೆ ತೆಗೆಯಿರಿ. ಬ್ರೇಕ್ ಮುಟ್ಟಿದರೆ ಬಿಡುತ್ತದೆ, ಕ್ಲಚ್ ಒತ್ತಿದರೂ ಬಿಡುತ್ತದೆ. ಆದ್ದರಿಂದ ಮ್ಯಾನುಯಲ್ ಕಾರಿನಲ್ಲಿ ಬಹುತೇಕ ಪ್ರತಿ ಸಲ ಗೇರು ಬದಲಿಸಿದಾಗಲೂ ಮತ್ತೆ ಹಿಡಿಸಬೇಕು. ಕ್ರೂಸ್‌ಗೆ ಗೇರು ಇಳಿಸಲು ಬರುವುದಿಲ್ಲ ಎಂಬುದನ್ನೂ ಗಮನದಲ್ಲಿಡಿ. ಐದನೇ ಗೇರಿನಲ್ಲಿ 45ಕ್ಕೆ ಹಿಡಿಸಿ ಮೇಲ್ಸೇತುವೆ ಏರಿದರೆ ಎಂಜಿನ್ ಗುದ್ದಾಡುತ್ತದೆ. ದಿನದ ಓಡಾಟಕ್ಕೆ ಕ್ರೂಸ್ ಬೇಕೇ ಬೇಕು ಎನ್ನುವವರಿಗೆ ನಮ್ಮ ಸಲಹೆ ಆಟೊಮ್ಯಾಟಿಕ್.

ಇನ್ನು 'ರೆಸ್ಯೂಮ್' ಬಟನ್. ಹೊಸಬರು ಬೆಚ್ಚಿಬೀಳುವುದು ಇಲ್ಲೇ. 80ಕ್ಕೆ ಹಿಡಿಸಿದ್ದ ಕಾರು ಲಾರಿಯ ಹಿಂದೆ 45ಕ್ಕೆ ಇಳಿದಿದೆ, ಆಗ ರೆಸ್ಯೂಮ್ ಒತ್ತಿದರೆ ಅದು ಹಳೆಯ 80ಕ್ಕೇ ಮುನ್ನುಗ್ಗುತ್ತದೆ. ವೇಗ 20ಕ್ಕಿಂತ ಹೆಚ್ಚು ಇಳಿದಿದ್ದರೆ ರೆಸ್ಯೂಮ್ ಬೇಡ, ಹೊಸದಾಗಿ ಸೆಟ್ ಮಾಡಿ. ಕ್ರೂಸ್ ಹಿಡಿದಿರುವಾಗ ಬಲಪಾದ ಬ್ರೇಕ್‌ನ ಮುಂದೆಯೇ ಇರಲಿ. ಕಾಲು ಮಡಚಿ ಸೀಟಿನ ಕೆಳಗೆ ಎಳೆದುಕೊಂಡವರು ಅದನ್ನು ಮತ್ತೆ ಪೆಡಲ್‌ಗೆ ತರುವಷ್ಟರಲ್ಲಿ ಹತ್ತಾರು ಮೀಟರ್ ಕಳೆದಿರುತ್ತದೆ.

ಮೇಲಿನ ಮಾಡೆಲ್‌ನಲ್ಲಿ ಇಎಸ್‌ಸಿ (ಕಾರು ಹತೋಟಿ ತಪ್ಪಿ ಜಾರದಂತೆ ತಡೆಯುವ ವ್ಯವಸ್ಥೆ), ಪಕ್ಕದ ಏರ್‌ಬ್ಯಾಗ್‌ಗಳೂ ಹೆಚ್ಚುವರಿಯಾಗಿ ಸಿಗುವುದಾದರೆ ಅವುಗಳಿಗಾಗಿ ಆ ದುಡ್ಡು ಕೊಡಿ, ಕ್ರೂಸ್ ಜೊತೆಗೆ ಬಂತೆಂದುಕೊಳ್ಳಿ. ಬರೀ ಕ್ರೂಸ್ ಮತ್ತು ಸನ್‌ರೂಫ್‌ಗಾದರೆ ಕೊಡಬೇಡಿ.

ನನ್ನ ಕಾರು ನಡುವಿನ ಮಾಡೆಲ್. ಇಲ್ಲಿನ ಒಂದು ಆಕ್ಸೆಸರೀಸ್ ಅಂಗಡಿಯವರು ಎರಡು ಗಂಟೆಯಲ್ಲಿ ಕ್ರೂಸ್ ಹಾಕಿಕೊಡುತ್ತೇವೆ ಅಂತಾರೆ. ಹಾಕಿಸಬಹುದೇ? (ಓದುಗರು, ದಾವಣಗೆರೆ)

ಅವರು ಹಾಕುವುದು ಯಾವ ಬಗೆಯದು ಎಂದು ಮೊದಲು ಕೇಳಿ. ಹೊರಗೆ ಕ್ರೂಸ್ ಹಾಕಿಸಲು ಎರಡು ದಾರಿಗಳಿವೆ. ಇವೆರಡರ ನಡುವೆ ಅಜಗಜಾಂತರ.

ಈಗಿನ ಕಾರುಗಳಲ್ಲಿ ಆಕ್ಸಿಲರೇಟರ್‌ಗೆ ಎಳೆಯುವ ಕೇಬಲ್ ಇಲ್ಲ. ಪೆಡಲ್‌ನಲ್ಲಿರುವ ಎರಡು ಸೆನ್ಸರ್‌ಗಳು ಬೇರೆಬೇರೆ ವೋಲ್ಟೇಜ್ ಕಳಿಸುತ್ತವೆ. ಅವೆರಡೂ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಸದಾ ನೋಡುತ್ತಿರುತ್ತದೆ. ತಾಳೆಯಾಗದಿದ್ದರೆ ಎಂಜಿನ್ ಶಕ್ತಿ ತಗ್ಗಿಸಿ ಚೆಕ್ ಲೈಟ್ ಹಚ್ಚುತ್ತದೆ.

ಮೊದಲನೆಯ ದಾರಿ ಕಂಪನಿಯದೇ ವ್ಯವಸ್ಥೆಯನ್ನು ಎಬ್ಬಿಸುವುದು. ಅದೇ ಎಂಜಿನ್, ಅದೇ ಗೇರ್‌ಬಾಕ್ಸ್ ಇರುವ ಮೇಲಿನ ಮಾಡೆಲ್‌ನಲ್ಲಿ ಕ್ರೂಸ್ ಇದ್ದು, ಎರಡರ ಇಸಿಯು ಪಾರ್ಟ್ ನಂಬರ್ ಒಂದೇ ಆಗಿದ್ದರೆ, ನಿಮ್ಮ ಇಸಿಯುನಲ್ಲೂ ಆ ಪ್ರೋಗ್ರಾಂ ಮಲಗಿರುವ ಸಾಧ್ಯತೆ ಇದೆ. ಬೇಕಾಗುವುದು ಸ್ಟೀರಿಂಗ್ ಮೇಲಿನ ಸ್ವಿಚ್, ಆ ಸ್ವಿಚ್ಚಿನ ದಾರಿ ಇರುವ ಕ್ಲಾಕ್ ಸ್ಪ್ರಿಂಗ್ (ಏರ್‌ಬ್ಯಾಗಿನ ಹಿಂದೆ ಕೂತು, ತಿರುಗುವ ಸ್ಟೀರಿಂಗಿಗೆ ವಿದ್ಯುತ್ ಸಾಗಿಸುವ ಸುರುಳಿ ಪಟ್ಟಿ), ಕೆಲವು ಕಾರುಗಳಲ್ಲಿ ಅಲ್ಲಿಂದ ಇಸಿಯುವರೆಗೆ ಒಂದೆರಡು ವೈರು, ಕೊನೆಗೆ ಸ್ಕ್ಯಾನರ್‌ನಿಂದ ಕೋಡಿಂಗ್. ಬ್ರೇಕ್, ಕ್ಲಚ್ ಒತ್ತಿದ್ದನ್ನು ಇಸಿಯು ತನ್ನ ಮೂಲ ಸ್ವಿಚ್ಚುಗಳಿಂದಲೇ ತಿಳಿಯುವುದರಿಂದ ಇದು ನಂಬಿಕೆಗೆ ಅರ್ಹ.

ಎರಡನೆಯದು ಪೆಡಲ್ ಮತ್ತು ಇಸಿಯು ನಡುವೆ ಸಿಕ್ಕಿಸುವ ಕಿಟ್. ನೀವು ಪೆಡಲ್ ಒತ್ತಿದಂತೆ ಅದು ಸುಳ್ಳು ವೋಲ್ಟೇಜ್ ಕಳಿಸುತ್ತದೆ. ಬ್ರೇಕ್ ಲೈಟಿನ ವೈರಿಗೆ ಚುಚ್ಚಿ ಕಟ್ಟಿದ ಒಂದು ಜೋಡಣೆಯಿಂದಷ್ಟೇ ನೀವು ಬ್ರೇಕ್ ಹಾಕಿದ್ದು ಅದಕ್ಕೆ ಗೊತ್ತಾಗುತ್ತದೆ. ಆ ಜೋಡಣೆ ನಮ್ಮ ಹಂಪ್‌ಗಳ ಮೇಲೆ ಅಲುಗಿ ಸಡಿಲವಾದರೆ ನೀವು ಬ್ರೇಕ್ ಒತ್ತುತ್ತಿರುವಾಗಲೇ ಕಿಟ್ ಎಂಜಿನ್ ಏರಿಸುತ್ತಿರುತ್ತದೆ. ದಿನಬಳಕೆಯ ಕಾರಿಗೆ ಇದನ್ನು ನಾವು ಬೇಡ ಎಂದೇ ಹೇಳುತ್ತೇವೆ. ಎರಡು ಗಂಟೆಯಲ್ಲಿ, ಯಾವ ಕಾರಿಗಾದರೂ ಹಾಕುತ್ತೇವೆ ಎಂದರೆ ಅದು ಬಹುತೇಕ ಈ ಕಿಟ್ಟೇ.

ಮೊದಲನೆಯ ದಾರಿ ಹಿಡಿದರೂ ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಿ. ಚಕ್ರಗಳು ನೇರವಾಗಿರಬೇಕು. ಇಗ್ನಿಷನ್ ಆರಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆಮೇಲೆ ಕಾಯಬೇಕು. ಏರ್‌ಬ್ಯಾಗ್ ಕಂಪ್ಯೂಟರಿನ ಕೆಪ್ಯಾಸಿಟರ್‌ನಲ್ಲಿ ಉಳಿದ ವಿದ್ಯುತ್ ಇಳಿಯಲು ಕೆಲವು ನಿಮಿಷ ಬೇಕು. ಸರ್ವಿಸ್ ಕೈಪಿಡಿ ಹೇಳಿದಷ್ಟು ಹೊತ್ತು, ಕೈಪಿಡಿ ಇಲ್ಲದಿದ್ದರೆ ಹತ್ತು ನಿಮಿಷ ಬಿಡಿ. ಬಿಚ್ಚಿದ ಏರ್‌ಬ್ಯಾಗನ್ನು ಮುಖ ಮೇಲಾಗಿ ಇಡಬೇಕು, ಅದರ ಹಳದಿ ಕನೆಕ್ಟರಿಗೆ ಮಲ್ಟಿಮೀಟರ್ ಮುಟ್ಟಿಸಲೇಬಾರದು. ಸ್ಟೀರಿಂಗ್ ತೆಗೆಯುವ ಮುನ್ನ ಶಾಫ್ಟಿನ ಮೇಲೂ ಸ್ಟೀರಿಂಗ್ ಚಕ್ರದ ಮೇಲೂ ಗುರುತು ಹಾಕಬೇಕು. ಹೊಸ ಕ್ಲಾಕ್ ಸ್ಪ್ರಿಂಗನ್ನು ಮಧ್ಯಕ್ಕೆ ತಂದೇ ಕೂರಿಸಬೇಕು: ಒಂದು ಕೊನೆಯವರೆಗೆ ಮೆಲ್ಲಗೆ ತಿರುಗಿಸಿ, ಕೈಪಿಡಿ ಹೇಳಿದಷ್ಟು ಸುತ್ತು ಹಿಂದೆ ತಂದು, ಬಾಣದ ಗುರುತುಗಳನ್ನು ಎದುರುಬದುರು ಮಾಡಬೇಕು. ಇಲ್ಲಿ ತಪ್ಪಿದರೆ ಮೊದಲ ಸಲ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗಲೇ ಒಳಗಿನ ಪಟ್ಟಿ ಹರಿಯುತ್ತದೆ. ಆಗ ಹಾರ್ನ್ ಸತ್ತು ಏರ್‌ಬ್ಯಾಗ್ ದೀಪ ಉರಿಯುತ್ತದೆ, ಅಪಘಾತದಲ್ಲಿ ಚಾಲಕನ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದಿಲ್ಲ.

ಹಾಕಿಸಿದ ಮೇಲೆ ಖಾಲಿ ರಸ್ತೆಯಲ್ಲಿ 50ಕ್ಕೆ ಹಿಡಿಸಿ ಪರೀಕ್ಷಿಸಿ. ಬ್ರೇಕ್ ಪೆಡಲನ್ನು ಬೆರಳಿನಷ್ಟು ಹಗುರವಾಗಿ ಮುಟ್ಟಿದರೂ ಬಿಡಬೇಕು. ಕ್ಲಚ್ ಒತ್ತಿದಾಗ ಎಂಜಿನ್ ಕಿರುಚಬಾರದು. ಎಂಜಿನ್ ಆರಿಸಿ ಹಚ್ಚಿದ ಮೇಲೆ ಹಳೆಯ ವೇಗ ನೆನಪಿನಲ್ಲಿ ಉಳಿದಿರಬಾರದು. ಒಂದೊಂದನ್ನೂ ಹತ್ತು ಸಲ ನೋಡಿ. ಹತ್ತರಲ್ಲಿ ಒಂದು ಸಲ ತಪ್ಪಿದರೂ ಬಿಚ್ಚಿಸಿ. ಕತ್ತರಿಸಿ ಜೋಡಿಸಿದ ವೈರು ಕಂಡರೆ ಆ ಭಾಗದ ವಾರಂಟಿ ನಿರಾಕರಿಸುವ ಹಕ್ಕು ಕಂಪನಿಗಿದೆ ಎಂಬುದೂ ತಿಳಿದಿರಲಿ.

ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಒಬಿಡಿ ಬ್ಲೂಟೂತ್ ಡಾಂಗಲ್ ಹಾಕಿ ಫೋನಿನಲ್ಲಿ ಮೀಟರ್‌ಗಳನ್ನು ನೋಡುತ್ತಿದ್ದೆ. ವಿಮಾನ ನಿಲ್ದಾಣದಲ್ಲಿ ಹತ್ತು ದಿನ ಕಾರು ನಿಲ್ಲಿಸಿ ಬಂದಾಗ ಬ್ಯಾಟರಿ ಸತ್ತಿತ್ತು. ಡಾಂಗಲ್ ಕಾರಣವೇ? ಅದರಲ್ಲಿ ನಿಜಕ್ಕೂ ನೋಡಬೇಕಾದದ್ದು ಏನು? (ಓದುಗರು, ಹಾಸನ)

ಡಾಂಗಲ್ಲೇ ಕಾರಣ ಇರಬಹುದು. ಸ್ಟೀರಿಂಗ್ ಕೆಳಗಿನ ಆ 16 ಪಿನ್ನಿನ ಸಾಕೆಟ್‌ನಲ್ಲಿ 16ನೇ ಪಿನ್ನಿಗೆ ಬ್ಯಾಟರಿ ನೇರವಾಗಿ ಬರುತ್ತದೆ. ಕೀಲಿ ತೆಗೆದರೂ ವಿದ್ಯುತ್ ಇರುತ್ತದೆ. ಅಗ್ಗದ ಡಾಂಗಲ್ 40 ಮಿಲಿಆಂಪಿಯರ್ ಎಳೆಯುತ್ತದೆ, ಗಡಿಯಾರ, ಅಲಾರ್ಮ್ ಅಂತ ಕಾರು ತಾನೇ ಇನ್ನೊಂದು 40 ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಎರಡೂ ಸೇರಿ ದಿನಕ್ಕೆ 1.9 ಆಂಪಿಯರ್-ಅವರ್. ಹತ್ತು ದಿನಕ್ಕೆ 19. ಚಿಕ್ಕ ಕಾರಿನ ಬ್ಯಾಟರಿ 35ರದ್ದು, ಮೂರು ವರ್ಷ ಹಳೆಯದಾದರೆ ಅಷ್ಟೂ ಇರುವುದಿಲ್ಲ. ಕೆಲವು ಡಾಂಗಲ್‌ಗಳು ಇಸಿಯುಗಳನ್ನು ಮತ್ತೆಮತ್ತೆ ಎಚ್ಚರಿಸುವುದರಿಂದ ನಷ್ಟ ಇನ್ನೂ ಹೆಚ್ಚುತ್ತದೆ. ಎರಡು ದಿನಕ್ಕಿಂತ ಹೆಚ್ಚು ನಿಲ್ಲಿಸುವಾಗ ಕಿತ್ತಿಡಿ. ಪ್ರತಿ ಸಲ ಬಗ್ಗಲು ಕಷ್ಟವಾದರೆ ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಕೇಬಲ್ ಸಿಗುತ್ತದೆ, ಅದನ್ನು ಪೆಡಲ್‌ಗಳಿಗೆ ತೊಡರದಂತೆ ಮೇಲೆತ್ತಿ ಕಟ್ಟಿ. ಕ್ಲಚ್ಚಿನ ಹಿಂದೆ ಜೋತಾಡುವ ಕೇಬಲ್ ಸತ್ತ ಬ್ಯಾಟರಿಗಿಂತ ದೊಡ್ಡ ಅಪಾಯ.

ನೋಡಬೇಕಾದ ಅಂಕಿಗಳು ಎರಡೇ. ಮೊದಲನೆಯದು ಕೂಲಂಟ್ ಉಷ್ಣತೆ. ಈಗಿನ ಬಹಳ ಕಾರುಗಳಲ್ಲಿ ಉಷ್ಣತೆಯ ಮುಳ್ಳೇ ಇಲ್ಲ, ಕೆಂಪು ದೀಪ ಉರಿಯುವ ಹೊತ್ತಿಗೆ ತಡವಾಗಿರುತ್ತದೆ. ಸಾಮಾನ್ಯವಾಗಿ 85ರಿಂದ 100 ಡಿಗ್ರಿ ಒಳಗೆ ಆಡುತ್ತಿರುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಏರಿ, ಫ್ಯಾನ್ ತಿರುಗಿದಾಗ ಇಳಿಯುತ್ತದೆ. ಫ್ಯಾನ್ ತಿರುಗುತ್ತಿದ್ದರೂ ಏರುತ್ತಲೇ ಹೋಗಿ 110ರ ಹತ್ತಿರ ಬಂದರೆ ಎ.ಸಿ. ಆರಿಸಿ, ಹೀಟರ್ ಪೂರ್ತಿ ಹಾಕಿ, ಬದಿಗೆ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಎರಡನೆಯದು ವೋಲ್ಟೇಜ್. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ಇದ್ದರೆ ಬ್ಯಾಟರಿ ತುಂಬಿದೆ, 12.2 ಅಂದರೆ ಅರ್ಧ. ಎಂಜಿನ್ ಓಡುವಾಗ 13.8ರಿಂದ 14.5. ಹೊಸ ಕಾರುಗಳಲ್ಲಿ ಇಂಧನ ಉಳಿಸಲು, ಬ್ಯಾಟರಿ ತುಂಬುವ ಆಲ್ಟರ್ನೇಟರ್ ನಡುನಡುವೆ ತಗ್ಗುತ್ತದೆ, ಆಗ 12.5ರ ಸುತ್ತ ಕಂಡರೆ ಗಾಬರಿ ಬೇಡ. ಇವೆರಡಕ್ಕೂ ಆ್ಯಪ್‌ನಲ್ಲಿ ಎಚ್ಚರಿಕೆಯ ಸದ್ದು ಇಟ್ಟು ಪರದೆ ಆರಿಸಿಬಿಡಿ. ಹನ್ನೆರಡು ಮುಳ್ಳುಗಳು ಕುಣಿಯುವ ಪುಟ ನೋಡಲು ಚೆಂದ, ರಸ್ತೆಯಲ್ಲಿ ಬೇಡ.

ಒಂದು ಮಾತು: ಚೆಕ್ ಎಂಜಿನ್ ದೀಪ ಉರಿದಾಗ ಕೋಡ್ ಅಳಿಸುವ ಮುನ್ನ ಅದರ ಸಂಖ್ಯೆಯನ್ನೂ, ದೋಷ ಕಂಡ ಕ್ಷಣದ ಅಂಕಿಗಳಿರುವ 'ಫ್ರೀಝ್ ಫ್ರೇಮ್' ಪುಟವನ್ನೂ ಫೋಟೊ ತೆಗೆದಿಟ್ಟುಕೊಳ್ಳಿ. ಅಳಿಸಿದರೆ ಎರಡೂ ಹೋಗುತ್ತವೆ, ಆಮೇಲೆ ಮೆಕ್ಯಾನಿಕ್ ಕತ್ತಲಲ್ಲಿ ತಡಕಾಡಬೇಕು.

ಬಿಎಸ್6 ಡೀಸೆಲ್ ಕಾರು. ಮನೆಯಿಂದ ಕಚೇರಿಗೆ 6 ಕಿ.ಮೀ. ಮಾತ್ರ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಪದೇಪದೇ ಬರುತ್ತಿದೆ. ಡಿಸ್‌ಪ್ಲೇ ಹಾಕಿಸಿದರೆ ಮೊದಲೇ ತಿಳಿಯುತ್ತದೆಯೇ? (ಓದುಗರು, ಬೆಳಗಾವಿ)

ಕಾರು ಕಂಪನಿಯ ಸ್ವಂತ ಸಂಕೇತಗಳನ್ನು ಓದುವ ಆ್ಯಪ್ ನಿಮ್ಮ ಮಾಡೆಲ್‌ಗೆ ಇದ್ದರೆ ಮಸಿಯ ಪ್ರಮಾಣ ಕಾಣಬಹುದು. ಸಾಮಾನ್ಯ ಆ್ಯಪ್‌ನಲ್ಲಿ ಹಲವು ಕಾರುಗಳಿಗೆ ಅದು ಸಿಗುವುದಿಲ್ಲ. ಆದರೆ ನಿಮ್ಮ ತೊಂದರೆ ಡಿಸ್‌ಪ್ಲೇ ಇಲ್ಲದ್ದಲ್ಲ. ಫಿಲ್ಟರಿನಲ್ಲಿ ಸೇರಿದ ಮಸಿ ಸುಡಲು ಅಲ್ಲಿ 600 ಡಿಗ್ರಿಯ ಸುತ್ತ ಶಾಖ ಬೇಕು, 6 ಕಿ.ಮೀ.ಯಲ್ಲಿ ಎಂಜಿನ್ ಸರಿಯಾಗಿ ಬಿಸಿಯೂ ಆಗಿರುವುದಿಲ್ಲ. ವಾರಕ್ಕೊಮ್ಮೆ ಹೆದ್ದಾರಿಗೆ ಹೋಗಿ ಒಂದು ಗೇರು ಕಡಿಮೆಯಲ್ಲಿ, ಎರಡು ಸಾವಿರ ಆರ್‌ಪಿಎಂ ಮೇಲೆ, 60ಕ್ಕಿಂತ ಹೆಚ್ಚಿನ ವೇಗದಲ್ಲಿ 20 ನಿಮಿಷ ಓಡಿಸಿ. ಕ್ರೂಸ್ ಇದ್ದರೆ ಇದಕ್ಕಿಂತ ಒಳ್ಳೆಯ ಬಳಕೆ ಅದಕ್ಕಿಲ್ಲ. ಸುಡುವ ಕೆಲಸ ನಡೆಯುತ್ತಿರುವಾಗ ನಿಂತಲ್ಲೇ ಫ್ಯಾನ್ ಜೋರಾಗಿ ತಿರುಗುತ್ತದೆ, ಐಡಲ್ ಸ್ವಲ್ಪ ಏರುತ್ತದೆ, ಮೈಲೇಜ್ ಅಂಕಿ ಕುಸಿಯುತ್ತದೆ. ಆಗ ಎಂಜಿನ್ ಆರಿಸಬೇಡಿ. ಅರ್ಧಕ್ಕೆ ನಿಂತ ಸುಡುವಿಕೆಗೆಂದು ಸಿಂಪಡಿಸಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರಿ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತದೆ. ಮೇಲಿನ ಗೆರೆ ದಾಟಿದ್ದರೆ ಆಯಿಲ್ ಬದಲಿಸಿಯೇ ಮುಂದೆ ಹೋಗಿ.

ಗಾಜಿನ ಮೇಲೆ ವೇಗ ಮೂಡಿಸುವ ಎಚ್‌ಯುಡಿ ತರಿಸಿದೆ. ಅಂಕಿ ಎರಡೆರಡಾಗಿ ಕಾಣುತ್ತದೆ, ಮಧ್ಯಾಹ್ನ ಕಾಣುವುದೇ ಇಲ್ಲ. ಜೊತೆಗೆ ಬಂದ ಫಿಲ್ಮ್ ಅಂಟಿಸಲೇ? (ಓದುಗರು, ಮಂಗಳೂರು)

ಮುಂದಿನ ಗಾಜು ಎರಡು ಪದರದ್ದು. ಒಳಮೈಯಿಂದ ಒಂದು ಬಿಂಬ, ಹೊರಮೈಯಿಂದ ಇನ್ನೊಂದು. ಕಂಪನಿಯಿಂದಲೇ ಎಚ್‌ಯುಡಿ ಬರುವ ಕಾರುಗಳಲ್ಲಿ ಗಾಜಿನ ನಡುವಿನ ಪದರವನ್ನು ಮೇಲೆ ದಪ್ಪ, ಕೆಳಗೆ ತೆಳು ಮಾಡಿ ಎರಡೂ ಬಿಂಬ ಒಂದರ ಮೇಲೊಂದು ಕೂರುವಂತೆ ಮಾಡಿರುತ್ತಾರೆ. ನಿಮ್ಮ ಗಾಜಿಗೆ ಆ ಓರೆ ಇಲ್ಲ. ಫಿಲ್ಮ್ ಅಂಟಿಸಿದರೆ ಬಿಂಬ ಒಂದಾಗುತ್ತದೆ, ನಿಜ. ಆದರೆ ಮುಂದಿನ ಗಾಜು ಕನಿಷ್ಠ 70 ಶೇಕಡಾ ಬೆಳಕು ಬಿಡಬೇಕು ಎಂಬುದು ನಿಯಮ, ಗಾಜಿನ ಫಿಲ್ಮ್‌ಗಳ ಬಗ್ಗೆ 2012ರಲ್ಲಿ ಸುಪ್ರೀಂ ಕೋರ್ಟ್ ಕಟ್ಟುನಿಟ್ಟಿನ ಆದೇಶ ಕೊಟ್ಟಿದೆ. ಕನ್ನಡಿಯಂತೆ ಹೊಳೆಯುವ ಚೌಕ ನಿಮ್ಮ ಕಣ್ಣಿಗೇ ಅಡ್ಡ ಬರುತ್ತದೆ. ಇದರ ಬದಲು ತನ್ನದೇ ಪಾರದರ್ಶಕ ಹಾಳೆ ಎದ್ದು ನಿಲ್ಲುವ ಬಗೆಯನ್ನು ಕೊಳ್ಳಿ. ಅದನ್ನು ಮೀಟರ್ ಮುಚ್ಚಳದ ಹಿಂದೆ, ಬಾನೆಟ್ ಅಂಚು ಮರೆಯಾಗದಷ್ಟು ತಗ್ಗಿನಲ್ಲಿ ಇಡಿ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿದವರಿಗೆ ಎಚ್‌ಯುಡಿ ಮಂಕಾಗಿಯೋ ಪೂರ್ತಿ ಮಾಯವಾಗಿಯೋ ಕಾಣುತ್ತದೆ. ಮಧ್ಯಾಹ್ನ ಕಾಣುತ್ತಿಲ್ಲವೆಂದರೆ ಮೊದಲು ಕನ್ನಡಕ ತೆಗೆದು ನೋಡಿ.

ಅಂಟಿಸುವ ಕ್ರಮವೂ ಮುಖ್ಯ. ಡ್ಯಾಶ್‌ಬೋರ್ಡಿಗೆ ಪಾಲಿಶ್ ಹಚ್ಚಿದ್ದರೆ ಯಾವ ಟೇಪೂ ನಿಲ್ಲುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಎರಡು ಸಲ ಒರೆಸಿ, ಒಣಗಿಸಿ, ಫೋಮ್ ಟೇಪ್ ಅಂಟಿಸಿ ಅರ್ಧ ನಿಮಿಷ ಒತ್ತಿಹಿಡಿಯಿರಿ. ಉಪಕರಣದ ಭಾರ ಹಾಕುವುದು ಮರುದಿನ. ಪಕ್ಕದ ಸೀಟಿನ ಎದುರು ಏರ್‌ಬ್ಯಾಗ್ ಗುರುತು ಇರುವ ಜಾಗದಲ್ಲಿ ಏನನ್ನೂ ಅಂಟಿಸಬೇಡಿ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಅಲ್ಲಿದ್ದ ವಸ್ತು ನೇರ ಮುಖಕ್ಕೆ ಬರುತ್ತದೆ.

ಕಾರಿನ ಮೀಟರ್ 100 ತೋರಿಸುವಾಗ ಫೋನಿನ ಜಿಪಿಎಸ್ 95 ತೋರಿಸುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ರೂಸ್ ಎಷ್ಟಕ್ಕೆ ಇಡಬೇಕು? (ಓದುಗರು, ಮೈಸೂರು)

ಜಿಪಿಎಸ್ ನಿಜಕ್ಕೆ ಹತ್ತಿರ. ವೇಗದ ಮೀಟರ್ ಯಾವತ್ತೂ ನಿಜಕ್ಕಿಂತ ಕಡಿಮೆ ತೋರಿಸಬಾರದು, ಸ್ವಲ್ಪ ಹೆಚ್ಚು ತೋರಿಸಬಹುದು ಎಂಬುದು ಕಾರು ತಯಾರಕರು ಪಾಲಿಸುವ ನಿಯಮ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಹತ್ತನೇ ಒಂದು ಭಾಗ ಮತ್ತು 4 ಕಿ.ಮೀ.ವರೆಗೆ ಹೆಚ್ಚು ತೋರಿಸಲು ಅವಕಾಶವಿದೆ. ಅಂದರೆ ನಿಜದ ವೇಗ 80 ಇದ್ದಾಗ ಮೀಟರ್ 92ರವರೆಗೂ ಹೇಳಬಹುದು. ನಿಮ್ಮ ಐದರ ವ್ಯತ್ಯಾಸ ಸಹಜ. ಆದರೆ ಟೈರ್ ಅಳತೆ ಬದಲಿಸಿದವರಿಗೆ ಈ ಅಂತರ ಕರಗುತ್ತದೆ. 185/65 ಆರ್15 ಟೈರಿನ ವ್ಯಾಸ 621.5 ಮಿ.ಮೀ., 195/65 ಆರ್15ರದು 634.5. ಮೀಟರಿಗೆ ಗೊತ್ತಿಲ್ಲದೆಯೇ ನಿಮ್ಮ ವೇಗ ಶೇಕಡಾ 2ರಷ್ಟು ಹೆಚ್ಚಾಯಿತು. ಫೋನಿನ ಅಂಕಿಯನ್ನು ಸಮತಟ್ಟಾದ ನೇರ ರಸ್ತೆಯಲ್ಲಿ, ವೇಗ ಅರ್ಧ ನಿಮಿಷ ಸ್ಥಿರವಾಗಿರುವಾಗ ಮಾತ್ರ ನಂಬಿ. ವೇಗ ಏರಿಳಿಯುವಾಗ ಜಿಪಿಎಸ್ ಒಂದೆರಡು ಸೆಕೆಂಡು ಹಿಂದೆ ಇರುತ್ತದೆ. ಅಂಕಿಯನ್ನು ಓದುವ ಕೆಲಸ ಪಕ್ಕದಲ್ಲಿ ಕೂತವರದು.

ಆ ಹೆದ್ದಾರಿಯಲ್ಲಿ ಕಾರಿಗೆ ಮಿತಿ 100. ರಾಜ್ಯದಲ್ಲಿ 130 ದಾಟಿದವರ ಮೇಲೆ 2024ರ ಆಗಸ್ಟ್‌ನಿಂದ ಎಫ್‌ಐಆರ್ ದಾಖಲಿಸುತ್ತಿದ್ದಾರೆ. ನಾವು ಹೇಳುವುದು ಮೀಟರಿನಲ್ಲಿ 90. ಗಾಳಿಯ ಎದುರುಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, 80ಕ್ಕಿಂತ 100ರಲ್ಲಿ ಅದು ಒಂದೂವರೆ ಪಟ್ಟಿಗೂ ಹೆಚ್ಚು. ಪೆಟ್ರೋಲ್ ಉಳಿಯುವುದು ಕ್ರೂಸ್‌ನಿಂದ ಅಲ್ಲ, ಹತ್ತು ಕಿ.ಮೀ. ತಗ್ಗಿಸಿದ್ದರಿಂದ. 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲದ ಕಾರಣ ಕ್ರೂಸ್‌ಗೆ ಇದು ಯೋಗ್ಯ ರಸ್ತೆ. ಆದರೂ ಸರ್ವಿಸ್ ರಸ್ತೆಯಿಂದ ವಾಹನ ಸೇರುವ ಕಡೆಗಳಲ್ಲಿ ಬಿಡಿಸಿ.

9 ಇಂಚಿನ ಆಂಡ್ರಾಯ್ಡ್ ಪರದೆ ಹಾಕಿಸಿದ ಮೇಲೆ ಕಾರು ಆರಿಸಿದಾಗಲೆಲ್ಲ ಸೆಟ್ಟಿಂಗ್ ಅಳಿಸಿಹೋಗುತ್ತದೆ. ರಾತ್ರಿ ಕಣ್ಣು ಕುಕ್ಕುತ್ತದೆ. ರಿವರ್ಸ್ ಕ್ಯಾಮೆರಾ ಮಿನುಗುತ್ತದೆ. (ಓದುಗರು, ಕಲಬುರಗಿ)

ಮೂರೂ ವೈರಿಂಗ್ ತಪ್ಪುಗಳೇ. ಹಳದಿ ವೈರಿಗೆ ಸದಾ ಬ್ಯಾಟರಿ ಇರಬೇಕು, ನೆನಪು ಉಳಿಯುವುದು ಅದರಿಂದ. ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರಬೇಕು. ಇವೆರಡು ಅದಲುಬದಲಾಗಿವೆ, ಇಲ್ಲವೇ ಎರಡನ್ನೂ ಕೀಲಿಗೇ ಕಟ್ಟಿದ್ದಾರೆ. ಎರಡನ್ನೂ ಬ್ಯಾಟರಿಗೆ ಕಟ್ಟಿದ್ದರೆ ಇದಕ್ಕೆ ವಿರುದ್ಧ ತೊಂದರೆ: ಸೆಟ್ಟಿಂಗ್ ಉಳಿಯುತ್ತದೆ, ಬ್ಯಾಟರಿ ಉಳಿಯುವುದಿಲ್ಲ. ಕೀಲಿ ತೆಗೆದು ಮಲ್ಟಿಮೀಟರಿನಲ್ಲಿ ನೋಡಿದರೆ ಹಳದಿಯಲ್ಲಿ 12 ವೋಲ್ಟ್, ಕೆಂಪಿನಲ್ಲಿ ಸೊನ್ನೆ ಬರಬೇಕು. ಕಿತ್ತಳೆ ಬಣ್ಣದ ವೈರನ್ನು ಪಾರ್ಕಿಂಗ್ ಲೈಟಿನ ಸಾಲಿಗೆ ಸೇರಿಸಿದರೆ ದೀಪ ಹಾಕಿದೊಡನೆ ಪರದೆ ತಾನೇ ಮಂಕಾಗುತ್ತದೆ. ಅಂಗಡಿಯವರು ಹೆಚ್ಚಾಗಿ ಹಾಗೆಯೇ ಬಿಡುವ ವೈರು ಇದು. ಮಿನುಗುವುದಕ್ಕೆ ಕಾರಣ, ಕ್ಯಾಮೆರಾಕ್ಕೆ ರಿವರ್ಸ್ ದೀಪದಿಂದ ವಿದ್ಯುತ್ ಕೊಟ್ಟಿರುವುದು. ಕೆಲವು ಕಾರುಗಳಲ್ಲಿ ಆ ದೀಪಕ್ಕೆ ಬಿಟ್ಟುಬಿಟ್ಟು ಬರುವ ಮಿಡಿತದ ವಿದ್ಯುತ್ ಹೋಗುತ್ತದೆ. ನಡುವೆ ಫಿಲ್ಟರ್ ಹಾಕಿಸಿ, ಇಲ್ಲವೇ ದೀಪದಿಂದ ರಿಲೇ ಮಾತ್ರ ಓಡಿಸಿ ಕ್ಯಾಮೆರಾಕ್ಕೆ ಬೇರೆ ಫ್ಯೂಸಿನಿಂದ ಕೊಡಿಸಿ. ಬಣ್ಣದ ಪದ್ಧತಿ ಎಲ್ಲ ಪರದೆಗಳಲ್ಲೂ ಒಂದೇ ಎಂದು ನಂಬಬೇಡಿ, ಹಿಂದಿನ ಚೀಟಿ ಓದಿಯೇ ಮುಟ್ಟಬೇಕು.

ಬಿಸಿಲೂರಿನವರಿಗೆ ಇನ್ನೊಂದು ಮಾತು. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟುತ್ತದೆ. ಗಾಜಿಗೆ ಗಾಳಿ ಹೀರಿಸಿ ಅಂಟಿಸುವ ಫೋನ್ ಹೋಲ್ಡರ್ ಬಿದ್ದುಹೋಗುವುದೂ, ಫೋನ್ ಬಿಸಿಯೇರಿ ದಾರಿ ತೋರಿಸುವುದನ್ನು ನಿಲ್ಲಿಸುವುದೂ ಇದರಿಂದಲೇ. ಎ.ಸಿ. ಗಾಳಿ ಬೀಸುವ ಕಿಂಡಿಯ ಹತ್ತಿರ ಹೋಲ್ಡರ್ ಇದ್ದರೆ ಫೋನ್ ತಂಪಾಗಿರುತ್ತದೆ, ಆದರೆ ಭಾರದ ಫೋನಿಗೆ ಕಿಂಡಿಯ ಪಟ್ಟಿಗಳು ಮುರಿಯುತ್ತವೆ, ಕೊಕ್ಕೆಯಿಂದ ಬಿಗಿಯುವ ಬಗೆಯನ್ನೇ ಆರಿಸಿ. ಓಡಿಸುವಾಗ ಫೋನ್ ಬಳಸಲು 2020ರ ನಿಯಮ ತಿದ್ದುಪಡಿ ಅವಕಾಶ ಕೊಟ್ಟಿರುವುದು ದಾರಿ ನೋಡಲಿಕ್ಕೆ ಮಾತ್ರ, ಅದೂ ಗಮನ ಕೆಡದಂತೆ.

ಡ್ಯಾಶ್‌ಬೋರ್ಡಿನಲ್ಲಿ ಟೈರ್ ಗಾಳಿ ತೋರಿಸುವ ಸೋಲಾರ್ ಡಿಸ್‌ಪ್ಲೇ ಕೊಳ್ಳಬಹುದೇ? ಬೆಳಿಗ್ಗೆ 33 ಇದ್ದದ್ದು ಧಾರವಾಡ ತಲುಪುವಾಗ 37 ಆಗುತ್ತದೆ ಅಂತ ಗೆಳೆಯರು ಗಾಳಿ ಇಳಿಸಿಕೊಳ್ಳುತ್ತಾರೆ. (ಓದುಗರು, ಹುಬ್ಬಳ್ಳಿ)

ಕೊಳ್ಳಿ. ದಿನಾ ಓಡಾಡುವವರಿಗೆ ನಾವು ಮೊದಲು ಹೇಳುವ ಉಪಕರಣವೇ ಇದು, ತೊಂದರೆ ಬಂದಾಗ ಮಾತ್ರ ಕೂಗುತ್ತದೆ, ಉಳಿದ ಹೊತ್ತು ಕಣ್ಣು ಬೇಡುವುದಿಲ್ಲ. ಗೆಳೆಯರಿಗೆ ಗಾಳಿ ಇಳಿಸಬೇಡಿ ಎನ್ನಿ. ಉಷ್ಣತೆ 5ರಿಂದ 6 ಡಿಗ್ರಿ ಏರಿದರೆ ಒತ್ತಡ 1 ಪಿಎಸ್‌ಐ ಏರುತ್ತದೆ. ಬೆಳಿಗ್ಗೆ 20 ಡಿಗ್ರಿ ಇದ್ದ ಟೈರ್ ಓಡಿ 45ಕ್ಕೆ ಬಂದರೆ 4ಕ್ಕಿಂತ ಸ್ವಲ್ಪ ಹೆಚ್ಚು ಏರಬೇಕಾದದ್ದೇ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವುದು ತಣ್ಣಗಿನ ಟೈರಿನ ಅಂಕಿ. ಬಿಸಿಯಲ್ಲಿ ಇಳಿಸಿದವರು ಮರುದಿನ ಬೆಳಿಗ್ಗೆ 29ರಲ್ಲಿ ಹೊರಡುತ್ತಾರೆ. 33ರ ಟೈರಿಗೆ ಕೆಳಗಿನ ಎಚ್ಚರಿಕೆ 27ಕ್ಕೆ, ಮೇಲಿನದು 42ಕ್ಕೆ ಇಡಿ. ಸಂಸಾರ, ಸಾಮಾನು ತುಂಬಿ ಗಾಳಿ ಹೆಚ್ಚಿಸಿದಾಗ ಮೇಲಿನದನ್ನೂ ಅಷ್ಟೇ ಏರಿಸಿ.

ಮುಚ್ಚಳದಂತೆ ಹೊರಗೆ ಹಾಕುವ ಸೆನ್ಸರಿನಲ್ಲಿ ಎರಡು ದೋಷಗಳಿವೆ. ಅದು ವಾಲ್ವಿನ ಪಿನ್ನನ್ನು ಒತ್ತಿ ಹಿಡಿದೇ ಗಾಳಿ ಅಳೆಯುವುದರಿಂದ, ಸೆನ್ಸರ್ ಕಲ್ಲಿಗೆ ಬಡಿದು ಒಡೆದರೆ ಗಾಳಿ ಪೂರ್ತಿ ಹೋಗುತ್ತದೆ. ಹಾಕಿದ ಕೂಡಲೇ ಸೋಪಿನ ನೀರು ಬಿಟ್ಟು ಗುಳ್ಳೆ ಬರುತ್ತದೆಯೇ ನೋಡಿ. ಎರಡನೆಯದು ತೂಕ. 10 ಗ್ರಾಂ ಸೆನ್ಸರ್, 100 ಕಿ.ಮೀ. ವೇಗದಲ್ಲಿ ಚಕ್ರ ತಿರುಗುವಾಗ, ರಬ್ಬರ್ ವಾಲ್ವನ್ನು ಸುಮಾರು ಒಂದೂವರೆ ಕಿಲೊ ತೂಗುಹಾಕಿದಂತೆ ಹೊರಗೆ ಎಳೆಯುತ್ತದೆ. ಹಳೆಯ ರಬ್ಬರ್ ವಾಲ್ವ್ ಬುಡದಲ್ಲಿ ಬಿರಿಯುತ್ತದೆ. ಲೋಹದ ವಾಲ್ವ್ ಹಾಕಿಸಿಕೊಂಡೇ ಸೆನ್ಸರ್ ಹಾಕಿ. ಮೂರು ತಿಂಗಳಿಗೊಮ್ಮೆ ಬಿಚ್ಚಿ ಹಾಕಿ, ಇಲ್ಲವಾದರೆ ತುಕ್ಕು ಕಚ್ಚಿ ಪಂಚರ್ ಅಂಗಡಿಯಲ್ಲಿ ವಾಲ್ವೇ ಮುರಿಯುತ್ತದೆ. ಹೊಸ ಟೈರ್ ಹಾಕಿಸುವ ಕಾಲ ಹತ್ತಿರವಿದ್ದರೆ ಒಳಗಿನ ಸೆನ್ಸರನ್ನೇ ಹಾಕಿಸಿ ಬ್ಯಾಲೆನ್ಸಿಂಗ್ ಮಾಡಿಸುವುದು ಮೇಲು.

ಮುಂದಿನ ವಾಹನ ನೋಡಿ ತಾನೇ ವೇಗ ಹೊಂದಿಸಿಕೊಳ್ಳುವ ಅಡಾಪ್ಟಿವ್ ಕ್ರೂಸ್ ಇದೆ. ಔಟರ್ ರಿಂಗ್ ರಸ್ತೆಯಲ್ಲಿ ಬೈಕ್ ನುಗ್ಗಿದಾಗಲೆಲ್ಲ ಗಕ್ಕನೆ ಬ್ರೇಕ್ ಹಾಕುತ್ತದೆ, ಹಿಂದಿನವರು ಹಾರ್ನ್ ಮಾಡುತ್ತಾರೆ. ಸೆಟ್ಟಿಂಗ್ ತಪ್ಪೇ? (ಓದುಗರು, ಮಾರತಹಳ್ಳಿ)

ಸೆಟ್ಟಿಂಗ್ ತಪ್ಪಲ್ಲ, ಜಾಗ ತಪ್ಪು. ಮುಂದಿನ ವಾಹನಕ್ಕೆ ಅದು ಬಿಡುವ ಅಂತರ ಸೆಕೆಂಡುಗಳ ಲೆಕ್ಕದ್ದು. 80ರಲ್ಲಿ ಎರಡು ಸೆಕೆಂಡು ಎಂದರೆ 44 ಮೀಟರ್. ರಿಂಗ್ ರಸ್ತೆಯಲ್ಲಿ ಅಷ್ಟು ಜಾಗ ಬಿಟ್ಟರೆ ನಾಲ್ಕು ಬೈಕ್ ಬಂದು ಸೇರುತ್ತವೆ. ಅಂತರ ಕಡಿಮೆ ಮಾಡಿದರೆ ಒಂದೊಂದು ನುಗ್ಗಾಟಕ್ಕೂ ಬ್ರೇಕ್ ಇನ್ನೂ ಜೋರಾಗುತ್ತದೆ. ಕಾರು, ಬಸ್ಸುಗಳಷ್ಟೇ ಸಾಲಾಗಿ ತೆವಳುವಾಗ ಬಳಸಿ, ಬೈಕ್‌ಗಳ ನಡುವೆ ಆರಿಸಿ. ಪೂರ್ತಿ ನಿಂತ ಮೇಲೆ ಕೆಲವೇ ಸೆಕೆಂಡಿನೊಳಗೆ ಮುಂದಿನವರು ಹೊರಟರೆ ಮಾತ್ರ ಹಲವು ಕಾರುಗಳು ತಾವಾಗಿ ಹೊರಡುತ್ತವೆ, ತಡವಾದರೆ ಬಟನ್ ಒತ್ತಬೇಕು.

ಒಂದನ್ನು ಮಾತ್ರ ಮರೆಯಬೇಡಿ. ರಸ್ತೆಯಲ್ಲಿ ಮೊದಲಿಂದಲೂ ನಿಂತೇ ಇರುವ ವಾಹನವನ್ನು, ಉದಾಹರಣೆಗೆ ಕೆಟ್ಟು ನಿಂತ ಲಾರಿಯನ್ನು, ಹೆಚ್ಚು ವೇಗದಲ್ಲಿ ಈ ವ್ಯವಸ್ಥೆ ಗುರುತಿಸದೇ ಹೋಗಬಹುದು. ಸೇತುವೆ, ಫಲಕಗಳಂಥ ನಿಂತ ವಸ್ತುಗಳ ಪ್ರತಿಫಲನಕ್ಕೆಲ್ಲ ಬ್ರೇಕ್ ಹಾಕದಿರಲೆಂದು ರೇಡಾರ್ ಅವನ್ನು ಬದಿಗಿಡುತ್ತದೆ. ಬಂಪರ್ ಮೇಲೆ ಗಾರ್ಡ್ ಹಾಕಿಸಬೇಡಿ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅದನ್ನು ನಿಷೇಧಿಸಿದೆ, ರೇಡಾರಿಗೂ ಅದು ಅಡ್ಡ. ಮುಂದಿನ ಗಾಜು ಬದಲಿಸಿದರೆ ಅದರ ಹಿಂದಿರುವ ಕ್ಯಾಮೆರಾದ ಕ್ಯಾಲಿಬ್ರೇಷನ್ (ನೋಟದ ಅಳತೆ ಸರಿಹೊಂದಿಸುವುದು) ಮಾಡಿಸಿದ ದಾಖಲೆಯನ್ನು ಬಿಲ್ಲಿನ ಜೊತೆ ಕೇಳಿ ಪಡೆಯಿರಿ.

ಸ್ಕೂಟರಿನ ಆಕ್ಸಿಲರೇಟರ್ ಹಿಡಿಕೆಗೆ ಸಿಕ್ಕಿಸುವ ಪ್ಲಾಸ್ಟಿಕ್ 'ಕ್ರೂಸ್ ಲಾಕ್' ಆನ್‌ಲೈನ್‌ನಲ್ಲಿ ನೂರಿನ್ನೂರು ರೂಪಾಯಿಗೆ ಇದೆ. ಮಣಿಕಟ್ಟು ನೋವಿಗೆ ಹಾಕಲೇ? (ಓದುಗರು, ಶಿವಮೊಗ್ಗ)

ಬೇಡ. ಅದು ಥ್ರಾಟಲ್ ಅನ್ನು ಹಿಡಿದು ನಿಲ್ಲಿಸುತ್ತದೆಯೇ ಹೊರತು ಬ್ರೇಕ್ ಹಿಡಿದಾಗ ಬಿಡುವುದಿಲ್ಲ. ನಾಯಿ ಅಡ್ಡ ಬಂದಾಗ ನಿಮ್ಮ ಕೈ ಬ್ರೇಕ್‌ಗೆ ಹೋಗುತ್ತದೆ, ಎಂಜಿನ್ ಎಳೆಯುತ್ತಲೇ ಇರುತ್ತದೆ. ಕೆಲವು ಎಲೆಕ್ಟ್ರಿಕ್ ಸ್ಕೂಟರ್‌ಗಳಲ್ಲಿ, ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಬೈಕ್‌ಗಳಲ್ಲಿ ಕಂಪನಿಯೇ ಕೊಡುವ ಕ್ರೂಸ್ ಬ್ರೇಕ್ ಮುಟ್ಟಿದೊಡನೆ ಬಿಡುತ್ತದೆ, ಅದು ಬೇರೆ ಮಾತು. ಮಣಿಕಟ್ಟು ನೋವಿಗೆ ಮೊದಲು ಆಕ್ಸಿಲರೇಟರ್ ಕೇಬಲ್ ನೋಡಿಸಿ. ಒಣಗಿದ ಕೇಬಲಿಗೆ ಎಣ್ಣೆ ಬಿಟ್ಟರೆ, ಇಲ್ಲವೇ ಹೊಸದು ಹಾಕಿದರೆ, ಹಿಡಿಕೆ ಹಗುರವಾಗುತ್ತದೆ. ಬ್ರೇಕ್ ಲಿವರ್ ತೀರಾ ಮೇಲೆದ್ದಿದ್ದರೆ ಮುಂಗೈಗೆ ನೇರವಾಗುವಷ್ಟು ತಗ್ಗಿಸಿಕೊಡಲು ಮೆಕ್ಯಾನಿಕ್‌ಗೆ ಹೇಳಿ.

ವಾರಕ್ಕೆರಡು ಸಲ ಸಕಲೇಶಪುರದಿಂದ ಶಿರಾಡಿ ಘಾಟಿಯಲ್ಲಿ ಇಳಿಯುತ್ತೇನೆ. ಮಳೆಯಲ್ಲಿ 40ಕ್ಕೆ ಕ್ರೂಸ್ ಹಿಡಿಸಿದರೆ ವೇಗ ಹತೋಟಿಯಲ್ಲಿರುತ್ತದೆ ಅಂತ ಒಬ್ಬರು ಹೇಳಿದರು. (ಓದುಗರು, ಸಕಲೇಶಪುರ)

ಇರುವುದಿಲ್ಲ. ಸಾಮಾನ್ಯ ಕ್ರೂಸ್‌ಗೆ ಎಂಜಿನ್ ಏರಿಸಲು ಬರುತ್ತದೆ, ಬ್ರೇಕ್ ಹಾಕಲು ಬರುವುದಿಲ್ಲ. ಇಳಿಜಾರಿನಲ್ಲಿ 40 ಹಿಡಿಸಿದ ಕಾರು 55ಕ್ಕೆ ಹೋಗುವುದನ್ನು ಅದು ಸುಮ್ಮನೆ ನೋಡುತ್ತಿರುತ್ತದೆ. ಮಳೆಯಲ್ಲಂತೂ ನೀರು ನಿಂತ ಕಡೆ ಚಕ್ರ ತೇಲಿ ಕಾರು ನಿಧಾನವಾದರೆ, ವೇಗ ಇಳಿಯಿತೆಂದು ಅದು ಎಂಜಿನ್ ಏರಿಸಬಹುದು. ಆ ಕ್ಷಣದಲ್ಲಿ ಬೇಕಾದದ್ದು ಅದಕ್ಕೆ ತದ್ವಿರುದ್ಧ, ಆಕ್ಸಿಲರೇಟರ್ ಬಿಡುವುದು. ಮಾರನಹಳ್ಳಿ ತಲುಪುವ ಮುನ್ನವೇ ಮುಖ್ಯ ಸ್ವಿಚ್ ಆರಿಸಿಬಿಡಿ, ಕೈತಪ್ಪಿಯೂ ರೆಸ್ಯೂಮ್ ಒತ್ತಿಹೋಗಬಾರದು. ಅಲ್ಲಿಂದ ಗುಂಡ್ಯದವರೆಗೆ ಏರುವಾಗ ಬೇಕಾಗುವ ಗೇರಿನಲ್ಲೇ ಇಳಿಯಿರಿ, ಹೆಚ್ಚಿನ ಕಾರುಗಳಿಗೆ ಅದು ಎರಡು ಇಲ್ಲವೇ ಮೂರು. ಆಟೊಮ್ಯಾಟಿಕ್ ಆದರೆ 'ಎಲ್' ಅಥವಾ ಮ್ಯಾನುಯಲ್ ಸ್ಥಾನಕ್ಕೆ ತನ್ನಿ. ಬ್ರೇಕ್ ಮೇಲೆ ಸದಾ ಕಾಲಿಟ್ಟು ಸವರುತ್ತ ಹೋಗದೆ, ತಿರುವಿಗೆ ಮುಂಚೆ ಗಟ್ಟಿಯಾಗಿ ಒಮ್ಮೆ ಒತ್ತಿ ಬಿಡಿ. ಸುಟ್ಟ ವಾಸನೆ ಬಂದರೆ ಅಗಲ ಇರುವ ಕಡೆ ನಿಲ್ಲಿಸಿ, ಚಕ್ರಕ್ಕೆ ನೀರು ಹಾಕದೆ, ಇಪ್ಪತ್ತು ನಿಮಿಷ ಆರಲು ಬಿಡಿ.